ಮೂವತ್ತೊಂಬತ್ತೂಕಾಲು

3 ನವೆಂಬರ್ 2024, ಭಾನುವಾರ

ಹರಿಹರ, ಹೊಳೆದಂಡೆ. ದಾವಣಗೆರೆಯಿಂದ 5.40ರ ಬಸ್. ನೀರು ಕಳೆದ ವಾರಕ್ಕಿಂತ ಒಂದು ಗೇಣು ಇಳಿದಿದೆ. ಗಾಳಿ ಇಲ್ಲ. ಗಾಳಕ್ಕೆ ಹಾಜರಿ ನಾಲ್ವರು: ಕರಿಯಣ್ಣ, ಅಬ್ರಾರ್, ಚೌಡೇಶ್, ನಾನು.

ನನಗೆ ಎರಡು ರೋಹು. ಹದಿನಾಲ್ಕು, ಹದಿನಾರೂವರೆ ಇಂಚು. ಅಬ್ರಾರ್ ಅಳೆದು ಕೂಗಿದರು. ಹಿಡಿದವರು ತಮ್ಮ ಮೀನನ್ನು ತಾವೇ ಅಳೆಯುವಂತಿಲ್ಲ. ಅಳೆದವರು ಅಂಕಿಯನ್ನು ಇಡೀ ದಂಡೆಗೆ ಕೇಳುವಂತೆ ಕೂಗಬೇಕು, ಮಂಡಿಯಲ್ಲಿ ಹರಾಜು ಕೂಗುವ ಹಾಗೆ. ಕೂಗಿದ ಮೇಲೆ ಬದಲಿಲ್ಲ. ಮೂವತ್ತು ದಾಟಿದ ಮೀನನ್ನು ನೀರಿಗೇ ಬಿಡಬೇಕು. ನಮ್ಮ ಕಟ್ಟಳೆ ಇಷ್ಟೇ. ಇಷ್ಟಾದರೂ ಬೇಕಾಗಿ ಬಂದದ್ದು ಕರಿಯಣ್ಣನಿಂದಾಗಿ.

ಕರಿಯಣ್ಣ ಬಸ್ ಡ್ರೈವರ್ ಆಗಿ ನಿವೃತ್ತರು. ಫೋಟೋಕ್ಕೆ ನಿಂತರೆ ಮೀನನ್ನು ಎದೆಗಿಂತ ಎರಡಡಿ ಮುಂದೆ ಚಾಚುತ್ತಾರೆ.

"ಇನ್ನೂ ಮುಂದಕ ಚಾಚಿದ್ರ ಮೀನು ಫೋನ್ ಒಳಗೇ ಬೀಳ್ತೈತೆ, ಕರಿಯಣ್ಣ" ಎಂದರು ಅಬ್ರಾರ್.

"ಸುಮ್ನಿರಪ್ಪ. ಹೊಳಿಯಾಗ ಇದ್ದಾಗ ಇದು ದೊಡ್ಡದೇ ಇತ್ತು. ನಿನ್ ಮಾರಿ ನೋಡಿ ಹೆದ್ರಿ ಕುಗ್ಗೈತೆ."

ದೊಡ್ಡ ಮೀನು ಬಿದ್ದರೆ ಅಳೆಯುವುದು ನಾನೇ. ಅಳತೆಯ ಹಲಗೆ ನನ್ನದು. ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಕೆಲಸ ಮಾಡುವವಳು ತಪ್ಪು ಓದುವುದಿಲ್ಲ ಎಂಬ ನಂಬಿಕೆ ಅವರಿಗೆ. ನನಗೂ.

ಚೌಡೇಶ್ ಎಂದಿನಂತೆ ನನ್ನ ಎಡಕ್ಕೆ, ಮೂರು ಮಾರು ಬಿಟ್ಟು. ಫ್ಲಾಸ್ಕಿನ ಜೊತೆ ಎರಡು ಸ್ಟೀಲ್ ಲೋಟ. ಹರಿಹರದಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಗಾಳದ ದಾರಕ್ಕೆ ಕಟ್ಟಿದ ಬೆಂಡು ಅಲ್ಲಾಡದ ಹೊತ್ತಿನಲ್ಲಿ ಅವರಿಗೆ ನಾನು ಓದುತ್ತಿರುವ ಕಾದಂಬರಿಯ ಕಥೆ ಹೇಳಬೇಕು. ಈಗಿನದು ಹಿಮದ ದೇಶದ್ದು, ಅನುವಾದ. ಒಬ್ಬ ಸ್ಟೇಷನ್ ಮಾಸ್ತರ, ಟಿಕೆಟ್ ಕೊಡುವ ವಿಧವೆ.

"ಆ ಮಾಸ್ತರ ಆಯಮ್ಮಗೆ ಯಾಕ ಬಾಯಿಬಿಟ್ಟು ಹೇಳಂಗಿಲ್ಲ, ಮೇಡಂ?"

"ಹೇಳುವುದಿಲ್ಲ. ಇನ್ನೂರು ಪುಟ ಆಯಿತು, ಇನ್ನೂ ಹೇಳಿಲ್ಲ."

"ಅಬ್ಬಬ್ಬ. ಎಷ್ಟು ಪೇಪರ್ ಖರ್ಚು."

ನಕ್ಕೆವು. ಆಮೇಲೆ ಅವರು ಬೆಂಡನ್ನೇ ನೋಡುತ್ತ ಹೇಳಿದ್ದು, ಇದ್ದಂತೆ ಬರೆಯುತ್ತೇನೆ: "ನಲ್ವತ್ತು ಇಂಚಿಂದು ಒಂದು ಬೀಳ್ಲಿ. ಅವತ್ತು ನಿಮ್ಗ ಒಂದು ಮಾತು ಕೇಳೋದೈತೆ."

"ಈಗಲೇ ಕೇಳಿ."

"ಈಗ ನನ್ ಧೈರ್ಯ ಮೂವತ್ತಾರು ಇಂಚು ಐತೆ ನೋಡ್ರಿ."

ನನಗೆ ನಲವತ್ತಾರು ವರ್ಷ. ಯಾವ ಮಾತು ಎಂದು ತಿಳಿಯದಷ್ಟು ಚಿಕ್ಕವಳಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದನ್ನೇ ಮರೆತಿದ್ದೆ. ಕಂಡಕ್ಟರ್ ಎರಡು ಸಲ ಕೇಳಬೇಕಾಯಿತು.

10 ನವೆಂಬರ್, ಭಾನುವಾರ

ಯಾರಿಗೂ ಏನೂ ಇಲ್ಲ. ಚೌಡೇಶ್ ಸಣ್ಣ ಗಾಳವನ್ನೆಲ್ಲ ಮನೆಯಲ್ಲಿ ಬಿಟ್ಟು ಬಂದಿದ್ದಾರೆ. ದೊಡ್ಡ ಗಾಳ, ದಪ್ಪ ದಾರ. ಕರಿಯಣ್ಣನ ಪ್ರಶ್ನೆ: "ಏನಪ್ಪ, ಎಮ್ಮಿ ಹಿಡಿಯಾಕ ಬಂದೀಯೇನು?"

ಚೌಡೇಶ್ ಬಗ್ಗಿ ಗಾಳದ ಗಂಟು ಬಿಗಿದರು. ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

17 ನವೆಂಬರ್, ಭಾನುವಾರ. ಮಧ್ಯಾಹ್ನ 3

ಕೈ ಇನ್ನೂ ಮೀನಿನ ವಾಸನೆ. ಬರೆದುಬಿಡಬೇಕು.

8.05ಕ್ಕೆ ಚೌಡೇಶರ ದಾರವನ್ನು ಮೀನು ಎಳೆಯಿತು. ಇಪ್ಪತ್ತೈದು ನಿಮಿಷ ಆಡಿಸಿದರು. ಬಾಳೆ ಮೀನು. ಅಗಲ ಬಾಯಿ, ಬೆಳ್ಳಗಿನ ಉದ್ದ ಹೊಟ್ಟೆ. ಇಷ್ಟು ದೊಡ್ಡದನ್ನು ಈ ಹೊಳೆಯಲ್ಲಿ ನಾನು ಕಂಡಿಲ್ಲ. ಅಬ್ರಾರ್ ನೀರಿಗಿಳಿದು ಅಪ್ಪಿಕೊಂಡು ತಂದರು. ಹಲಗೆ ಒದ್ದೆ ಮಾಡಿದೆ. ಮೂತಿ ಅಡ್ಡಪಟ್ಟಿಗೆ ತಾಗಿಸಿದೆ. ಬಾಯಿಯನ್ನು ನಾನೇ ಮುಚ್ಚಿ ಹಿಡಿದೆ. ಬಾಲದ ಎರಡು ಎಸಳನ್ನು ಸೇರಿಸಿ ಒತ್ತಿದೆ.

ಮೂವತ್ತೊಂಬತ್ತು, ಮೇಲೆ ಕಾಲು.

ಮತ್ತೊಮ್ಮೆ ನೋಡಿದೆ. ಅದೇ.

ಚೌಡೇಶ್ ಎದುರಿಗೆ ಮೊಣಕಾಲೂರಿ ಕೂತಿದ್ದರು. ಮೈಯೆಲ್ಲ ನೀರು. "ಸರಿಯಾಗಿ ನೋಡ್ರಿ ಮೇಡಂ." ದನಿ ನನಗಷ್ಟೇ ಕೇಳುವಷ್ಟು.

"ನಲ್ವತ್ತು ಅಂದ್ಬಿಡ್ರಿ ಟೀಚರಮ್ಮ, ಒಂದರ್ಧ ಇಂಚು ಹೆಚ್ಚುಕಮ್ಮಿ ಆದ್ರ ಹೊಳಿ ಏನು ಬತ್ತಂಗಿಲ್ಲ!" ಕರಿಯಣ್ಣ.

ಅನ್ನಬಹುದಿತ್ತು. ಬಾಯಿ ಮುಚ್ಚಿದ್ದ ಕೈಯನ್ನು ಸಡಿಲ ಬಿಟ್ಟಿದ್ದರೆ ಅರ್ಧ ಇಂಚು. ಬಾಲವನ್ನು ಇನ್ನಷ್ಟು ಎಳೆದಿದ್ದರೆ ಉಳಿದದ್ದು. ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಇಷ್ಟು ವರ್ಷ ಯಾರೂ ನೋಡಿಲ್ಲ. ಆದರೆ ಚೌಡೇಶ್ ಕೇಳಲಿರುವ ಮಾತು ನಾನು ಎಳೆದು ಉದ್ದ ಮಾಡಿದ ಮೀನಿನ ಮೇಲೆ ನಿಲ್ಲಬಾರದು ಅನ್ನಿಸಿತು. ಆ ಕ್ಷಣಕ್ಕೆ ಅದೊಂದೇ ಅನ್ನಿಸಿತು.

ಕೂಗಿದೆ. "ಮೂವತ್ತೊಂಬತ್ತೂಕಾಲು!" ನನ್ನ ದನಿ ಅಷ್ಟು ಜೋರಾಗಿರಬೇಕಿರಲಿಲ್ಲ.

ಚೌಡೇಶ್ ಹಲಗೆ ನೋಡಲಿಲ್ಲ. ನನ್ನ ಮುಖ ನೋಡಿದರು. ಮೀನನ್ನು ಎತ್ತಿಕೊಂಡು ಸೊಂಟದವರೆಗೆ ನೀರಿಗಿಳಿದು, ಅದು ಉಸಿರು ಹಿಡಿಯುವ ತನಕ ಕೈಯಲ್ಲೇ ಆಡಿಸಿ, ಬಿಟ್ಟರು. ಬಂದು ಸಾಮಾನು ಕಟ್ಟತೊಡಗಿದರು.

"ಇನ್ನೊಂದು ಬೀಳುತ್ತದೆ, ಚೌಡೇಶ್. ಇನ್ನೂ ದೊಡ್ಡದು."

"ಬ್ಯಾಡ್ರಿ ಮೇಡಂ. ನೀವು ಹೇಳ್ಬೇಕಾದ್ದು ಹೇಳಿದ್ರಿ. ನಂಗ ತಿಳೀತು."

ಏನು ತಿಳಿಯಿತು? ಅವರ ಬೈಕು ಸೇತುವೆ ದಾಟುವ ತನಕ ನನಗೆ ಅರ್ಥವಾಗಲಿಲ್ಲ. ಅವರು ಕೇಳುವ ಮೊದಲೇ ನಾನು ಬೇಡ ಎಂದೆ — ಹಾಗೆ ತಿಳಿದಿದ್ದಾರೆ. ಬೇಕೆಂದೇ ಮುಕ್ಕಾಲು ಇಂಚು ಉಳಿಸಿಕೊಂಡೆ ಎಂದು.

18 ನವೆಂಬರ್

ವಾಟ್ಸಾಪ್ ಬಳಗದಲ್ಲಿ ಒಂದೇ ಸಾಲು, ಬೂದು ಅಕ್ಷರದಲ್ಲಿ. ಚೌಡೇಶ್ ಗುಂಪು ಬಿಟ್ಟಿದ್ದಾರೆ.

ಮೆಸೇಜು ಬರೆದೆ. ಅಳಿಸಿದೆ. "ನಾನು ಓದಿದ್ದು ಅಳತೆಯನ್ನು ಮಾತ್ರ" ಎಂದು ಬರೆದಿದ್ದೆ. ಓದಿ ನೋಡಿದರೆ ಅದೂ ಬೇಡ ಎಂದ ಹಾಗೇ ಇತ್ತು.

1 ಡಿಸೆಂಬರ್, ಭಾನುವಾರ

ಬಂದಿಲ್ಲ. ಎಡಗಡೆ ಮೂರು ಮಾರು ಖಾಲಿ. ಅಬ್ರಾರ್ ಅಲ್ಲಿ ಕೂರಲು ಹೋಗಿ, ಏನು ತೋಚಿತೋ, ಎದ್ದು ಆಚೆ ಹೋದರು.

22 ಡಿಸೆಂಬರ್, ಭಾನುವಾರ

ಬಂದಿಲ್ಲ. ಕೊಂಡಜ್ಜಿ ಕೆರೆಯಲ್ಲಿ ಒಬ್ಬರೇ ಗಾಳ ಹಾಕುತ್ತಾರಂತೆ. ಅಲ್ಲಿ ನೀರು ಹರಿಯುವುದಿಲ್ಲ, ಸಣ್ಣ ಮೀನು. ನಲವತ್ತು ಬೀಳುವ ಜಾಗವಲ್ಲ. ಗೊತ್ತಿದ್ದೇ ಹೋಗಿರಬೇಕು.

ಕಾದಂಬರಿ ಪುಟ 212ರಲ್ಲಿ ನಿಂತಿದೆ. ಮಾಸ್ತರ ಕೋಟು ಹಾಕಿಕೊಂಡು ಆಕೆಯ ಮನೆಯ ಕಡೆ ಹೊರಟಿದ್ದಾನೆ. ಮುಂದೆ ಓದಲು ಮನಸ್ಸಿಲ್ಲ. ಓದಿದರೆ ಯಾರಿಗೆ ಹೇಳುವುದು.

19 ಜನವರಿ 2025

ಹರಿಹರಕ್ಕೆ ಹೋದೆ. ಗಾಳ ಹಾಕದೆ ಬಂದೆ. ಬಸ್‌ಸ್ಟ್ಯಾಂಡಿನಿಂದ ಅವರ ಅಂಗಡಿಗೆ ಆರು ನಿಮಿಷ. ನಾಲ್ಕು ನಿಮಿಷ ನಡೆದು ತಿರುಗಿದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ದೂರ ನಡೆದೆ.

30 ಜನವರಿ, ಗುರುವಾರ. ಸಂಜೆ 6

ಬೀಬಿಜಾನ್ ಹತ್ತಿರ ಗಾಳದ ಕೋಲಿಗೆ ಚೀಲ ಹೊಲಿಯಲು ಕೊಟ್ಟಿದ್ದೆ. ನನ್ನ ರವಿಕೆಗಳನ್ನೂ ಅವರೇ ಹೊಲಿಯುವುದು. ಮಡಿಸಿದ ಕೋಲನ್ನು ಮೀನಿನ ಹಲಗೆಯ ಮೇಲಿಟ್ಟು ಅಳೆದು ಚೀಟಿ ಬರೆದಿದ್ದೆ — 43 ಇಂಚು, ಒಳಗಿನ ಅಳತೆ. ಇಂದು ಕೋಲನ್ನು ತೂರಿಸಿ ನೋಡಿದರೆ ಒಂದಿಂಚು ಹೊರಗೆ. ಬಾಯಿ ಕಟ್ಟಲಾಗುತ್ತಿಲ್ಲ.

"ನಲವತ್ತಮೂರು ಎಂದಿದ್ದೆನಲ್ಲ, ಬೀಬಿಜಾನ್."

"ಅರೆ ಅಕ್ಕಾ, ನಲವತ್ತಮೂರೇ ಐತೆ ನೋಡ್ರಿ." ಟೇಪು ಹಿಡಿದು ತೋರಿಸಿದರು. ಚೀಲ 43. ಅದೇ ಟೇಪನ್ನು ಕೋಲಿಗೆ ಹಿಡಿದರು. 44. "ಯಾವುದ್ರಾಗ ಅಳೆದ್ರಿ?"

ಹೇಳಿದೆ. ಅಮ್ಮನ ಹೊಲಿಗೆ ಡಬ್ಬಿಯ ಟೇಪನ್ನು ಹಲಗೆಗೆ ಅಂಟಿಸಿ ಮಾಡಿದ್ದು ಎಂದು.

"ಹಳೇದಾ? ಹಳೇ ಟೇಪು ಹಿಗ್ತೈತೆ ಅಕ್ಕಾ. ನಾವು ವರ್ಷಕ್ಕೊಂದು ಬಿಸಾಕ್ತೀವಿ. ಅದೂ ಅಂಟು ಹಚ್ಚಿ ಎಳ್ದು ಕೂಡ್ರಿಸಿದ್ರೇನು?"

ಎಳೆದೇ ಕೂರಿಸಿದ್ದೆ. ಸುಕ್ಕಾಗಬಾರದೆಂದು. ಅಂಟಿಗೆ ಒದ್ದೆಯಾದ ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದದ್ದು, ಮೇಲೆ ವಾರ್ನಿಶ್ ಬಳಿದದ್ದು, ಎಲ್ಲ ನೆನಪಿದೆ. ಐದು ವರ್ಷದ ಹಿಂದೆ.

"ಏನಾತು ಅಕ್ಕಾ? ಕೂಡ್ರಿ, ನೀರು ಕೊಡ್ಲೇನು? ಒಂದಿಂಚು ಬಟ್ಟಿ ಜೋಡಿಸ್ತೀನಿ ಬಿಡ್ರಿ, ಅದಕ್ಯಾಕ ಹಿಂಗ ಮಾಡ್ತೀರಿ."

31 ಜನವರಿ, ಶುಕ್ರವಾರ

ಹಲಗೆಯನ್ನು ಲ್ಯಾಬಿಗೆ ಒಯ್ದೆ. ಊಟದ ಹೊತ್ತು, ಯಾರೂ ಇಲ್ಲ. ಸ್ಟೀಲ್ ಸ್ಕೇಲ್ ಪಕ್ಕಕ್ಕಿಟ್ಟು ಮೂರು ಸಲ ಓದಿದೆ. ಹಲಗೆಯ ಹತ್ತು ಇಂಚು, ನಿಜದಲ್ಲಿ ಹತ್ತೂಕಾಲಿಗೆ ತುಸು ಕಡಿಮೆ. ಸಣ್ಣ ಮೀನಿಗೆ ಗೊತ್ತಾಗುವುದಿಲ್ಲ. ಮೀನು ಉದ್ದವಾದಷ್ಟೂ ತಪ್ಪು ಉದ್ದ. ಹಲಗೆಯ ಮೂವತ್ತೊಂಬತ್ತೂಕಾಲು ಅಂದರೆ — ನಲವತ್ತು, ಮೇಲೆ ಇಂಚಿನ ಎಂಟನೇ ಒಂದು ಪಾಲು.

ಪ್ರತಿವರ್ಷ ಮೊದಲ ಪ್ರಾಕ್ಟಿಕಲ್ ದಿನ ಹುಡುಗಿಯರಿಗೆ ಹೇಳುತ್ತೇನೆ: ಮೊದಲು ಉಪಕರಣವನ್ನು ಅನುಮಾನಿಸಿ, ಆಮೇಲೆ ವಸ್ತುವನ್ನು. ನನ್ನ ಹಲಗೆಯನ್ನು ಒಂದು ದಿನವೂ ಅನುಮಾನಿಸಲಿಲ್ಲ. ಚೌಡೇಶರ ಮೀನನ್ನು ಮಾತ್ರ ಎರಡು ಸಲ ನೋಡಿದೆ.

2 ಫೆಬ್ರವರಿ, ಭಾನುವಾರ

ದಂಡೆಯಲ್ಲಿ ಎಲ್ಲ ಹೇಳಿದೆ. ಕ್ಷಮೆ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಹಬ್ಬ ಮಾಡಿದರು.

"ಹಂಗಾದ್ರ ನನ್ ಹಳೇ ಕಾಟ್ಲಾ ಮೀನು ಇಪ್ಪತ್ತೆಂಟಲ್ಲ, ಮೂವತ್ತು!" ಕರಿಯಣ್ಣ ಕುಣಿದರು.

"ಇಪ್ಪತ್ತೆಂಟೂವರೆ ಆಗುತ್ತದೆ, ಕರಿಯಣ್ಣ. ಸ್ವಲ್ಪ ಮೇಲೆ."

"ಸ್ವಲ್ಪ ಮ್ಯಾಲೆ ಅಂದ್ರ ಮೂವತ್ತೇ ಬಿಡ್ರಿ ಟೀಚರಮ್ಮ. ಐದು ವರ್ಷ ನನ್ ಮೀನಾ ಕತ್ರಿಸಿ ಕತ್ರಿಸಿ ಇಟ್ಟೀರಿ. ಮಂದಿ ಮುಂದ ನಾನೇ ಸುಳ್ಳುಗಾರ ಆದೆ!"

"ಮೂವತ್ತಾಗಿದ್ರ ನೀರಿಗೆ ಬಿಡ್ಬೇಕಿತ್ತು. ಸಾರು ಮಾಡ್ಕಂಡು ಉಂಡೀಯಲ್ಲ" ಎಂದರು ಅಬ್ರಾರ್. ಕರಿಯಣ್ಣ ಕೂಡಲೇ ಇಪ್ಪತ್ತೊಂಬತ್ತೂಮುಕ್ಕಾಲಿಗೆ ಇಳಿದರು.

ಆಮೇಲೆ ಅಬ್ರಾರ್ ನನ್ನ ಕಡೆ ತಿರುಗಿ ಮೆಲ್ಲಗೆ: "ಚೌಡೇಶಣ್ಣಗೆ ಹೇಳಿದ್ರಾ ಮೇಡಂ?"

"ಇಲ್ಲ."

"ಅವಂಗ ಈಗ ಮೀನಿನ ಚಿಂತಿ ಎಲ್ಲಿ ಐತೆ" ಎಂದರು ಕರಿಯಣ್ಣ, ಹುಳು ಪೋಣಿಸುತ್ತ. "ಅವ್ರಕ್ಕ ಮಾಯಕೊಂಡದಾಗ ಒಂದು ಸಂಬಂಧ ನೋಡ್ಯಾಳಂತೆ. ಬರೋ ಐತ್ವಾರ ಹೋಗ್ತಾರಂತೆ. ಎಲ್ಲಾ ಮುಗ್ದಂಗೇ. ಸೀರಿನೂ ತಂದಾರಂತೆ."

ಕರಿಯಣ್ಣ ಹೇಳಿದ್ದನ್ನು ಅರ್ಧಕ್ಕೆ ಇಳಿಸಿ ನಂಬುವುದು ನಮ್ಮ ರೂಢಿ. ಇದರಲ್ಲಿ ಅರ್ಧ ಯಾವುದು? ಸೀರೆ ಸುಳ್ಳಿರಬಹುದು. ಎಲ್ಲ ಮುಗಿದಿದೆ ಎನ್ನುವುದು ಸುಳ್ಳಿರಬಹುದು. ಮಾಯಕೊಂಡ ಉಳಿಯುತ್ತದೆ. ಭಾನುವಾರ ಉಳಿಯುತ್ತದೆ.

4 ಫೆಬ್ರವರಿ

ಕಾಗದ ಬರೆದೆ. "17-11-24ರಂದು ನಾನು ಕೂಗಿದ ಅಳತೆ ತಪ್ಪು. ಹಲಗೆಯ ದೋಷ. ಸರಿಯಾದ ಅಳತೆ ನಲವತ್ತು ದಾಟಿದೆ." ಕಚೇರಿಯ ತಿದ್ದುಪಡಿ ಪತ್ರದಂತಿದೆ. ಹರಿದೆ.

ಅಬ್ರಾರ್ ಕೈಲಿ ಹೇಳಿಕಳಿಸಬಹುದು. ಬೇಡ.

6 ಫೆಬ್ರವರಿ, ಗುರುವಾರ. ಸಂಜೆ 5.15

ಲ್ಯಾಬಿಗೆ ಬೀಗ ಹಾಕುವ ಮೊದಲು, ಇಲ್ಲೇ ಕೂತು.

ಮೂರು ದಿನದಿಂದ ಒಂದೇ ಯೋಚನೆ. ಮೀನು ನಲವತ್ತಿತ್ತು ಎಂದು ಹೇಳಲು ಹೋದರೆ ಅವರು ಆಡಿದ ಮಾತಿಗೆ ಅವರನ್ನೇ ಕಟ್ಟಿಹಾಕಿದ ಹಾಗೆ. ಕೇಳದಿದ್ದರೆ ಮಾತು ತಪ್ಪಿದವರಾಗುತ್ತಾರೆ. ಕೇಳಿದರೆ, ಮನಸ್ಸಿನಿಂದ ಕೇಳಿದರೋ ಅಳತೆಗಾಗಿ ಕೇಳಿದರೋ ನನಗೆ ಎಂದಿಗೂ ತಿಳಿಯುವುದಿಲ್ಲ. ಅವರ ಮನಸ್ಸು ಈಗ ಮಾಯಕೊಂಡದ ಕಡೆ ಇದ್ದರೆ? ಇರಬಹುದು. ಅದು ನ್ಯಾಯವೇ. ಹನ್ನೊಂದು ವಾರ ನಾನು ಏನು ಮಾಡಿದೆ? ನಾಲ್ಕು ನಿಮಿಷ ನಡೆದೆ.

ಇನ್ನೊಂದನ್ನೂ ಬರೆಯಬೇಕು, ಬರೆಯದೆ ಬಿಟ್ಟಿದ್ದೆ. ಅಂದು ಮೂವತ್ತೊಂಬತ್ತೂಕಾಲು ಕಂಡಾಗ ದುಃಖದ ಜೊತೆ ಒಂದು ಎಳೆ ಸಮಾಧಾನವೂ ಆಗಿತ್ತು. ಇವತ್ತೇ ಉತ್ತರ ಕೊಡಬೇಕಿಲ್ಲವಲ್ಲ ಎಂದು. ಚೌಡೇಶ್ ನನ್ನ ಮುಖ ನೋಡಿದರು ಅಂದೆನಲ್ಲ. ಅವರು ಕಂಡದ್ದು ಅದನ್ನು. ಹಾಗಾಗಿ ಅವರು ತಪ್ಪು ತಿಳಿದರು ಎಂದು ಪೂರ್ತಿ ಹೇಳಲಾರೆ. ಟೇಪು ಹಿಗ್ಗಿದ್ದು ಅದಕ್ಕೆ ನೆವ ಆಗಬಾರದು.

ತೀರ್ಮಾನ: ನಾಳೆ ಮಧ್ಯಾಹ್ನ ಅರ್ಧ ದಿನ ರಜೆ. 2.10ರ ಬಸ್. ಅಂಗಡಿ ತೆರೆದಿರುವ ದಿನ, ಅವರು ಒಳಗೆ ಇರುವ ಹೊತ್ತು. ಹಲಗೆ ಒಯ್ಯುವುದಿಲ್ಲ. ಮೊದಲು ಮೀನಿನ ಮಾತು ಎತ್ತುವುದಿಲ್ಲ; ಅದನ್ನು ಕೊನೆಗೆ, ಅವರು ಏನೇ ಉತ್ತರ ಕೊಟ್ಟ ಮೇಲೆ, ಹೇಳುತ್ತೇನೆ. ಕೇಳುವುದು ನಾನು. ನೇರವಾಗಿ. ಗಿರಾಕಿಗಳಿದ್ದರೆ ಹೋಗುವ ತನಕ ಕಾಯುತ್ತೇನೆ. ಬೇಡ ಅಂದರೆ 4.30ರ ಬಸ್ ಇದೆ.

ಮೊದಲ ವಾಕ್ಯ ಹೇಗೆ? ನಾಲ್ಕು ಬರೆದೆ. ನಾಲ್ಕೂ ಓದಿದ ಪುಸ್ತಕದ ವಾಕ್ಯದಂತಿವೆ, ಯಾರೋ ಬೇರೆ ಭಾಷೆಯಿಂದ ತಂದದ್ದು. ಅವರು ನಗುತ್ತಾರೆ. ನಕ್ಕರೆ ನಗಲಿ. ನಗು ಕೇಳಿ ಹನ್ನೊಂದು ವಾರವಾಯಿತು. ಸುಮ್ಮನೆ, ನಮ್ಮ ಮಾತಿನಲ್ಲಿ — ಚೌಡೇಶ್, ನನಗೆ ನಿಮ್ಮ ಜೊತೆ

ಜವಾನ ಬಂದ. ರಜೆ ಅರ್ಜಿ ಈಗಲೇ ಕೊಡಬೇಕಂತೆ, ಪ್ರಿನ್ಸಿಪಾಲರು ಹೊರಟಿದ್ದಾರಂತೆ. ಹೆಸರು ಬರೆದೆ. ತಾರೀಕು ಬರೆದೆ. ಕಾರಣ ಎಂಬ ಸಾಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಬರೆಯುತ್ತ ಬಂದಿದ್ದೇನೆ, ತಲೆನೋವು ಎಂದು. ಇವತ್ತು ಬರೆದೆ: ಒಂದು ಮಾತು ಕೇಳುವುದಿದೆ.