ಒಂಬತ್ತನೆಯ ರಾತ್ರಿಯನ್ನು ರೋಗವೆಂದು ಬರೆದುಕೊಂಡವರಿಗೆ

ಮಾನ್ಯ ಮಾನಸಿಕ ಆರೋಗ್ಯಾಧಿಕಾರಿಗಳೇ,

ನನ್ನ ತಾಯಿ ಐಸಿಲ್ಡಾಗೆ ಹುಚ್ಚು ಹಿಡಿದಿರಲಿಲ್ಲ, ಮಗ ಸತ್ತಿದ್ದ. ಇವೆರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ನಿಮ್ಮವರು ಅವಳನ್ನು ಐದು ವಾರ ಬೀಗ ಹಾಕಿದ ವಾರ್ಡಿನಲ್ಲಿ ಇಟ್ಟರು. ಇದೇ ನನ್ನ ದೂರು. ನಿಮ್ಮವರನ್ನು ಫೋನ್ ಮಾಡಿ ಕರೆಸಿದವಳು ನಾನೇ. ಆ ಪಾಪ ನನಗಿರಲಿ.

ನನ್ನ ತಮ್ಮ ಕಾರ್ಲ್‌ಟನ್ ಅಮ್ಮನ ಜೊತೆಗೇ ಇದ್ದುಕೊಂಡು ಲಂಡನ್ನಿನಲ್ಲಿ ಬಸ್ ಓಡಿಸುತ್ತಿದ್ದ. ನಲವತ್ತಾರಕ್ಕೇ ಎದೆನೋವಿನಿಂದ ಹೋದ. ಅಮ್ಮ ಅಳಲೂ ಇಲ್ಲ, ಉಣ್ಣಲೂ ಇಲ್ಲ. ಯಾರಾದರೂ ತಿಳಿದವರು ಪಕ್ಕದಲ್ಲಿ ಕೂತು ಅವಳು ಅಳುವಂತೆ ಮಾಡಲಿ ಎಂದು ನಾನು ಕೇಳಿದ್ದು. ನಿಮ್ಮ ಕಚೇರಿ ಗೋಡೆಯ ಪೋಸ್ಟರುಗಳಲ್ಲಿ ನಮ್ಮಂಥ ಕಪ್ಪು ಮುಖಗಳು ನಗುತ್ತವಲ್ಲ, ಅವನ್ನು ನಂಬಿದೆ. ಕುರ್ಚಿಗಳಲ್ಲಿ ಅಂಥ ಒಂದು ಮುಖವೂ ಇಲ್ಲವೆಂದು ಆಮೇಲೆ ತಿಳಿಯಿತು.

ನಿಮ್ಮವರಿಬ್ಬರು ಬಂದದ್ದು ಅವನು ಸತ್ತ ಹತ್ತನೆಯ ದಿನದ ಬೆಳಿಗ್ಗೆ. ನಮ್ಮ ಜಮೈಕಾದವರಲ್ಲಿ ಸತ್ತವನಿಗೆ ಒಂಬತ್ತನೆಯ ರಾತ್ರಿ ಹಾಡಿ, ಮೀನು ಕರಿದು ಬಡಿಸಿ ಬೀಳ್ಕೊಡುತ್ತೇವೆ. ಅವನ ಕೋಣೆಯ ಸಾಮಾನಿನ ಜಾಗವನ್ನೆಲ್ಲ ಬದಲಿಸುತ್ತೇವೆ, ಕನ್ನಡಿ ಮುಚ್ಚುತ್ತೇವೆ, ತಿರುಗಿ ಬಂದರೆ ಗುರುತು ಸಿಗದೆ ಮುಂದಕ್ಕೆ ಹೋಗಲಿ ಎಂದು. ನಿಮ್ಮವರು ಕಂಡದ್ದು ಗೋಡೆಗೆ ಒರಗಿಸಿದ ಹಾಸಿಗೆ, ಬಿಳಿ ಬಟ್ಟೆ ಹೊದಿಸಿದ ಕನ್ನಡಿ.

"ಇದೆಲ್ಲ ಯಾಕಮ್ಮಾ ಹೀಗೆ?" ಎಂದು ಬಂದವರಲ್ಲಿದ್ದ ಹೆಂಗಸು ಅಮ್ಮನನ್ನು ಕೇಳಿದಳು.

"ಮಗನಿಗೆ ದಾರಿ ತಪ್ಪಿಸೋಕೆ."

"ಅವರು ನಿಮಗೆ ಕಾಣ್ತಾರಾ?"

"ನಿನ್ನೆವರೆಗೂ ಬರ್ತಿದ್ದ. ಸಾಕು ಹೊರಡಪ್ಪಾ, ಹಿಂದೆ ತಿರುಗಿ ನೋಡ್ಬೇಡ ಅಂತ ಹೇಳಿ ಕಳಿಸಿದೀನಿ."

ಆ ಹೆಂಗಸು ಬರೆದುಕೊಂಡಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ನಿಮ್ಮಲ್ಲಿ ಇದೆಲ್ಲ ಮಾಮೂಲಾ?" ಎಂದು ಕೇಳಿದಳು. ನಾನು ಲಂಡನ್ನಿನಲ್ಲಿ ಹುಟ್ಟಿದವಳು, ಶಾಲೆಯಲ್ಲಿ ಪಾಠ ಹೇಳುವವಳು. ನಾಚಿಕೆಯಾಯಿತು. "ನಂಗೊತ್ತಿಲ್ಲ, ನಾನು ಅದನ್ನೆಲ್ಲ ನಂಬಲ್ಲ" ಎಂದುಬಿಟ್ಟೆ. ಹಿಂದಿನ ಸಂಜೆ ಆ ಹಾಸಿಗೆಯ ಇನ್ನೊಂದು ತುದಿ ಹಿಡಿದು ಎತ್ತಿದವಳು ನಾನೇ, ಮಾನ್ಯರೇ.

ಅಂದೇ 'ಭ್ರಮೆ' ಎಂದು ಬರೆದು ಅಮ್ಮನನ್ನು ಕರೆದೊಯ್ದಿರಿ. ಎರಡು ವಾರದ ಮೇಲೆ ತಮ್ಮನನ್ನು ಹೂಳಲು ದಿನ ಸಿಕ್ಕಾಗ, ಅಂತ್ಯಕ್ರಿಯೆಗೆ ನೀವು ದಯಮಾಡಿ ಒಂದು ಗಂಟೆ ಬಿಟ್ಟಿರಿ, ಜೊತೆಗೆ ಇಬ್ಬರು ಕಾವಲು. ನಮ್ಮಲ್ಲಿ ಗುಂಡಿಗೆ ಮಣ್ಣು ಹಾಕುವವರು ಕೂಲಿಯವರಲ್ಲ. ಮನೆಯವರೇ ಸರದಿಯಲ್ಲಿ ಸಲಿಕೆ ಹಿಡಿಯುತ್ತಾರೆ, ತುಂಬುವವರೆಗೂ ಹಾಡು ನಿಲ್ಲಿಸುವುದಿಲ್ಲ. ಅರ್ಧ ತುಂಬಿತ್ತು. ಕಾವಲಿನವನು ಗಡಿಯಾರ ನೋಡಿದ. "ಇನ್ನೊಂದ್ ಚೂರು ಇರಪ್ಪಾ, ಅವನ್ನ ಪೂರ್ತಿ ಮುಚ್ಚಿಲ್ಲ ಇನ್ನೂ" ಎಂದು ಅಮ್ಮ ಕೈ ಮುಗಿದಳು. ತೋಳು ಹಿಡಿದು ಕರೆದೊಯ್ದರು. ಅಂದಿನ ಫೈಲಿನಲ್ಲಿ 'ರೋಗಿ ಉದ್ರಿಕ್ತರಾಗಿದ್ದರು' ಎಂದಿದೆ. ಯಾವ ತಾಯಿ ಉದ್ರಿಕ್ತಳಾಗುವುದಿಲ್ಲ? ನಿಮ್ಮ ತಾಯಿ ಸುಮ್ಮನೆ ವ್ಯಾನು ಹತ್ತುತ್ತಿದ್ದರೇ?

ಅಮ್ಮ ದಡ್ಡಿಯಲ್ಲ. ನಾಲ್ಕನೆಯ ವಾರದ ಹೊತ್ತಿಗೆ ನಿಮ್ಮ ಪರೀಕ್ಷೆಯ ಸರಿಯುತ್ತರ ಕಲಿತಿದ್ದಳು. ಮಗ ಕಾಣುತ್ತಾನಾ? ಇಲ್ಲ. ಮಾತಾಡುತ್ತಾನಾ? ಇಲ್ಲ. ನೆನಪಾಗುತ್ತಾನಾ? ಅದಕ್ಕೂ ಇಲ್ಲ ಎಂದಳಂತೆ. ಗುಣವಾಗಿದೆ ಎಂದು ಬರೆದು ಮನೆಗೆ ಕಳಿಸಿದಿರಿ.

ನಮ್ಮ ರೀತಿನೀತಿ ಬಲ್ಲ ಆಪ್ತಸಲಹೆಗಾರರು ಬೇಕೆಂದು ಬರೆದೆ. ಇಡೀ ಪ್ರದೇಶಕ್ಕೆ ಒಬ್ಬರೇ ಇದ್ದಾರೆ, ಹದಿನಾಲ್ಕು ತಿಂಗಳು ಕಾಯಿರಿ ಎಂಬ ಉತ್ತರ ಬಂತು. ಅಮ್ಮನಿಗೆ ಎಪ್ಪತ್ತೊಂಬತ್ತು ವರ್ಷ. ಮೊದಲು ಆ ಫೈಲಿನಿಂದ 'ಭ್ರಮೆ' ಎಂಬುದನ್ನು ಹೊಡೆದುಹಾಕಿ, 'ದುಃಖ' ಎಂದು ಬರೆಯಿರಿ. ಇನ್ನು ಮುಂದೆ ನಮ್ಮ ಬಾಗಿಲು ತಟ್ಟುವ ಮೊದಲು ನಮ್ಮ ಹಿರಿಯರೊಬ್ಬರನ್ನು ಜೊತೆಗೆ ಕರೆತನ್ನಿ. ಈ ತಿಂಗಳೊಳಗೆ, ಪೆನ್ನು ಹಿಡಿಯದೆ ಕೇಳಿಸಿಕೊಳ್ಳುವ ಒಬ್ಬರನ್ನು ಅಮ್ಮನ ಬಳಿಗೆ ಕಳಿಸಿ.

ಮೊನ್ನೆ ಊಟಕ್ಕೆ ಕೂತಾಗ ನಾನು ಕಾರ್ಲ್‌ಟನ್ ಹೆಸರೆತ್ತಿದೆ. ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. "ಆ ಹೆಸರು ಹೇಳ್ಬೇಡ ಕಣೇ, ಯಾರಾದ್ರೂ ಕೇಳಿಸ್ಕೊಂಡ್ರೆ ಮತ್ತೆ ಕರ್ಕೊಂಡ್ ಹೋಗ್ತಾರೆ" ಎಂದಳು.

ಇಂತಿ,
ನಿಮ್ಮ ಕಾಗದಗಳಲ್ಲಿ 'ಹತ್ತಿರದ ಸಂಬಂಧಿ' ಎಂದಷ್ಟೇ ಇರುವ,
ಮಾರ್ವಾ ಪಿನ್ನಾಕ್