ಒಂದು ಚೊಂಬು ಉಗುರುಬೆಚ್ಚನೆ ನೀರು

ಶಿವನಿ
೧೪ ಅಕ್ಟೋಬರ್ ೨೦೨೪, ಸೋಮವಾರ

ಚಂದ್ರು,

ಜೈಭೀಮ್. ಮದುವೆಗೆ ಮುಂಚೆ ನಿನಗೆ ಬರೆದ ಕಾಗದಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಆಮೇಲೆ ಒಂದೇ ಸೂರಿನಡಿ ಇದ್ದೆವು, ಕಾಗದ ಬೇಕಾಗಲಿಲ್ಲ. ಈಗ ಬೇಕಾಗಿದೆ. ಫೋನಿನಲ್ಲಿ ನಾನು ಎರಡನೇ ಮಾತು ಎತ್ತುವಷ್ಟರಲ್ಲಿ ‘ಯಾರೋ ಹಸು ಹಿಡ್ಕಂಡು ನಿಂತವ್ರೆ, ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ವಾಟ್ಸಾಪಿನಲ್ಲಿ ಹಾಕಿದರೆ ಓದದೆಯೇ ಅಳಿಸುತ್ತೀಯ. ಕಾಗದವನ್ನು ಹರಿಯಲಿಕ್ಕಾದರೂ ಕೈಯಲ್ಲಿ ಹಿಡಿಯಬೇಕಲ್ಲ.

ನಾನು ಚೆನ್ನಾಗಿದ್ದೇನೆ. ಅವ್ವನ ಮಂಡಿನೋವಿನ ನೆಪ ಹೇಳಿ ಯಗಟಿ ಬಿಟ್ಟು ತವರಿಗೆ ಬಂದೆ. ಮಂಡಿನೋವು ನಿಜ. ಆದರೆ ಬಂದದ್ದು ಅದಕ್ಕಲ್ಲ.

ಕಳೆದ ಗುರುವಾರ ಅತ್ತೆ ಇಲ್ಲಿಗೆ ಬಂದಿದ್ದರು. ನಿನಗೆ ಗೊತ್ತಿದ್ದೇ ಬಂದಿರುತ್ತಾರೆ. ನಮ್ಮ ಮನೆಗೆ ಮೊದಲು ಬರಲಿಲ್ಲ. ನೇರ ವೇಣು ಮಾವನ ಮನೆಗೆ ಹೋಗಿ, ಕೋಮಲಾಳನ್ನು ನಿನಗೆ ಕೇಳಿದರು. ನನ್ನ ಸೋದರಮಾವನ ಮಗಳನ್ನು, ನನ್ನನ್ನು ಅಕ್ಕ ಅಂತ ಕರೆದುಕೊಂಡು ಬೆಳೆದವಳನ್ನು. ಸುದ್ದಿ ತಿಳಿದು ನಾನೂ ಅವ್ವನೂ ಓಡಿದೆವು. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕುಳಿತಿದ್ದರು.

‘ಹೊರಗಿನ ಹೆಣ್ಣು ಯಾಕ್ ತರಾನ ವೇಣಪ್ಪ, ಒಳಗೇ ಐತಲ್ಲ. ಹೇಮಂಗೂ ಅನ್ಯಾಯ ಮಾಡಕಿಲ್ಲ ನಾವು. ಮಕ್ಕಳಾಗಕಿಲ್ಲ ಅಂತ ಒಂದ್ ಸೈನ್ ಹಾಕ್ಲಿ ಸಾಕು. ಆಸೆ ಆದಾಗ ಬಂದು ಮಗೀನ ಎತ್ತಿ ಆಡಿಸ್ಕಂಡ್ ಹೋಗ್ಲಿ’ ಅಂದರು.

ನಮ್ಮವ್ವ ಅಂಜಿನಮ್ಮನ ಬಾಯಿ ನಿನಗೆ ಗೊತ್ತಲ್ಲ. ‘ಅಲ್ಲ ಕಣಕ್ಕ, ನಿನ್ ಮಗನ್ದು ಸರಿ ಐತೆ ಅಂತ ನಿಂಗ್ ಯಾರ್ ಹೇಳಿದ್ದು, ಕನಸ್ ಬಿದ್ದಿತ್ತಾ?’ ಅಂದಳು. ಅತ್ತೆ ಕೈಚೀಲದಿಂದ ಕಡೂರಿನ ಲ್ಯಾಬಿನ ರಿಪೋರ್ಟು ತೆಗೆದು ಚಾಪೆಯ ಮೇಲೆ ಹರವಿದರು. ‘ಓದ್ಸು ಯಾರ್ ಕೈಲಾದ್ರೂ. ನನ್ ಮಗ ಹೋರಿ ಇದ್ದಂಗವ್ನೆ.’

ನಾನು ನಗಲಿಲ್ಲ. ಯಾಕೆ ನಗಬೇಕಾಗಿತ್ತು ಅಂತ ಮುಂದೆ ಹೇಳುತ್ತೇನೆ.

ವೇಣು ಮಾವ ಬರುವ ಭಾನುವಾರ ಹೇಳುತ್ತೇನೆ ಅಂದಿದ್ದಾನೆ. ಅವನಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನೀನು ದುಡಿಯುವವನು, ಕುಡಿಯದವನು, ಸ್ಟೇಜಿನ ಮೇಲೆ ಮಾತಾಡುವವನು. ಬೇಡ ಅನ್ನಲು ಅವನಿಗೆ ಕಾರಣ ಸಿಗುತ್ತಿಲ್ಲ. ಕೋಮಲಾ ಅಜ್ಜಂಪುರದ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದವಳು ನನ್ನ ಪಕ್ಕ ಕುಳಿತು ಒಂದೇ ಮಾತು ಕೇಳಿದಳು: ‘ಅಕ್ಕಾ, ನಿಂಗೆ ಆಸ್ಪತ್ರೇಲಿ ಏನೇನ್ ಮಾಡಿದ್ರು?’

ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಆ ರೂಮುಗಳ ಒಳಗೆ ನೀನು ಯಾವತ್ತೂ ಬರಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಮೊಬೈಲ್ ನೋಡುತ್ತಾ ಕುಳಿತಿರುತ್ತಿದ್ದೆ.

ಮೊದಲು ಗರ್ಭನಾಳದ ಪರೀಕ್ಷೆ. ಕಾಲು ಅಗಲಿಸಿ ಮಲಗಿಸಿ, ಕೆಳಗಿನಿಂದ ಗರ್ಭಕೋಶಕ್ಕೆ ಔಷಧಿ ನುಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ಔಷಧಿ ಎರಡೂ ನಾಳಗಳಲ್ಲಿ ಹರಿದರೆ ದಾರಿ ತೆರೆದಿದೆ ಅಂತ ಅರ್ಥ. ನನ್ನದು ತೆರೆದಿತ್ತು. ಆ ನೋವಿಗೆ ನಾನು ನರ್ಸಮ್ಮನ ಕೈ ಕಚ್ಚಿದ್ದೆ. ಆಮೇಲೆ ಅಂಡಾಶಯದ ಸ್ಕ್ಯಾನು, ತಿಂಗಳು ತಿಂಗಳೂ. ಅಂಡಾಣು ಬೆಳೆಯುತ್ತಿದೆಯೇ, ಒಡೆದು ಹೊರಬಂತೇ ಅಂತ ನೋಡಲಿಕ್ಕೆ. ಬೆಳೆಯುತ್ತಿತ್ತು, ಬರುತ್ತಿತ್ತು. ಆದರೂ ಇನ್ನೂ ಜಾಸ್ತಿ ಬೆಳೆಯಲಿ ಅಂತ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ನು. ಮೈ ಊದಿತು, ಎದೆ ಕಲ್ಲಾಯಿತು. ಸುಮ್ಮನೆ ಕುಳಿತಲ್ಲೇ ಅಳು, ಸುಮ್ಮನೆ ನಿಂತಲ್ಲೇ ಕೋಪ. ಅದು ಹಾರ್ಮೋನಿನ ಕೋಪವೋ ನನ್ನದೇ ಕೋಪವೋ ಆಗ ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ ನಿಲ್ಲಿಸಿ ಬಹಳ ಕಾಲವಾಯಿತು. ಕೋಪ ಹೋಗಿಲ್ಲ. ಹಾಗಾದರೆ ಅದು ನನ್ನದೇ.

ನೀನು ಅದನ್ನೂ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ನಿನ್ನ ಕಸುಬಿನ ಲೆಕ್ಕದಲ್ಲೇ ನೋಡಿದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮಾರನೇ ಬೆಳಿಗ್ಗೆ. ಸ್ಕ್ಯಾನಿನವರು ಹೇಳಿದ ದಿನ ಬೈಕು ಬೇಗ ಮನೆಗೆ ಬರುತ್ತಿತ್ತು. ಉಳಿದ ದಿನ ನಾನು ಬದುಕಿದ್ದೇನೋ ಇಲ್ಲವೋ ನಿನಗೆ ಬೇಕಿರಲಿಲ್ಲ.

ನಿನ್ನ ಕಸುಬನ್ನು ಹೀಗಳೆಯುತ್ತಿಲ್ಲ. ನಮ್ಮ ತಾತಂದಿರು ಊರಿನ ಸತ್ತ ದನ ಹೊತ್ತವರು. ನೀನು ಅದೇ ಊರುಗಳಿಗೆ ದನ ಹುಟ್ಟಿಸಲು ಬೈಕಿನಲ್ಲಿ ಹೋಗುತ್ತೀಯ. ಅವರ ಕೊಟ್ಟಿಗೆಯಲ್ಲಿ ಗ್ಲೌಸು ಹಾಕಿ ನಿಂತರೆ ‘ಬಾರಪ್ಪ ಚಂದ್ರಣ್ಣ’ ಅನ್ನುತ್ತಾರೆ. ನನಗೆ ಅದರ ಹೆಮ್ಮೆ ಇತ್ತು. ಮದುವೆಯ ಹೊಸತರಲ್ಲಿ ನಿನ್ನ ಬೈಕಿನ ಹಿಂದೆ ಕುಳಿತು ನಾನೂ ಬಂದಿದ್ದೆ. ಹೋರಿಯ ವೀರ್ಯ ಹೆಪ್ಪುಗಟ್ಟಿಸಿಟ್ಟ ಕ್ಯಾನಿನ ಮುಚ್ಚಳ ತೆಗೆದರೆ ಹೊಗೆಯ ಹಾಗೆ ಶೀತ ಏಳುತ್ತಿತ್ತು. ಅದರೊಳಗಿಂದ ನೀನು ಕಡ್ಡಿಯಷ್ಟು ಸಣ್ಣ ಸ್ಟ್ರಾ ತೆಗೆದು, ಉಗುರುಬೆಚ್ಚನೆ ನೀರಿಗೆ ಹಾಕಿ ಕರಗಿಸಿ, ಇದರಲ್ಲಿ ಕೋಟಿಗಟ್ಟಲೆ ವೀರ್ಯಾಣು ನಿದ್ದೆ ಮಾಡ್ತಾ ಇದ್ವು, ಈಗ ಎದ್ವು ಅಂತ ಮಗುವಿಗೆ ಹೇಳುವ ಹಾಗೆ ಹೇಳಿದ್ದೆ.

ಅವತ್ತೇ ಶಿವಮೂರ್ತಪ್ಪನವರ ಕೊಟ್ಟಿಗೆಯಲ್ಲಿ ಜಗಳ ಆಯಿತು, ನೆನಪಿದೆಯೇ? ‘ಏನಪ್ಪಾ, ಎಷ್ಟ್ ಸಲ ಹಾಕ್ಸೋದು, ಹಸ ಗಬ್ಬ ನಿಲ್ತಾನೇ ಇಲ್ವಲ್ಲ. ನಿನ್ ಸ್ಟ್ರಾದಾಗೆ ಬರೀ ನೀರೈತೋ ಏನೋ’ ಅಂದರು ಅವರು. ನೀನು ಗ್ಲೌಸು ಕಳಚುತ್ತಾ, ‘ಸ್ಟ್ರಾ ಟೆಸ್ಟ್ ಆಗೇ ಬರೋದು ಕಣ್ರೀ. ನಿಮ್ ಹಸೀಂದೇ ಏನೋ ಐತೆ, ತೋರಿಸ್ಕಳಿ’ ಅಂದೆ. ಸರಿಯಾದ ಮಾತು. ಅಲ್ಲಿ ಹೋರಿಯ ಪರೀಕ್ಷೆ ಮೊದಲೇ ಮುಗಿದಿರುತ್ತದೆ, ಉಳಿಯುವುದು ಹಸು ಒಂದೇ. ಆ ಮಾತನ್ನು ನೀನು ಕೊಟ್ಟಿಗೆಯಲ್ಲೇ ಬಿಟ್ಟು ಬರಲಿಲ್ಲ, ಮನೆಗೂ ತಂದೆ. ಮೊದಲು ನೋಡಿದ ಡಾಕ್ಟರಿಗೆ ‘ನಂದು ಸರಿ ಐತೆ, ಟೆಸ್ಟ್ ಆಗೈತೆ’ ಅಂದುಬಿಟ್ಟೆ. ಯಾವ ಟೆಸ್ಟೂ ಆಗಿರಲಿಲ್ಲ. ಇಡೀ ಯಗಟಿ ಸೀಮೆಯಲ್ಲಿ ಟೆಸ್ಟ್ ಆಗದ ಸ್ಟ್ರಾ ಒಂದೇ ಇತ್ತು, ಅದು ನಿನ್ನದು.

ಕೊನೆಗೆ ತರೀಕೆರೆಯ ಡಾಕ್ಟರ್ ವಿದ್ಯಾಶ್ರೀ ನನ್ನ ಕಡತ ನೋಡಿ ಕನ್ನಡಕ ತೆಗೆದಿಟ್ಟರು. ಅಂಡಾಶಯ, ಗರ್ಭಕೋಶ, ನಾಳ, ಹಾರ್ಮೋನು ಎಲ್ಲವೂ ಸರಿಯಿದೆ, ಇನ್ನು ನಿಮಗೆ ಒಂದು ಸೂಜಿಯನ್ನೂ ಚುಚ್ಚುವುದಿಲ್ಲ, ಗಂಡನ ವೀರ್ಯ ಪರೀಕ್ಷೆ ಮಾಡಿಸಿ, ಅದು ಮೊದಲು ಆಗಬೇಕಾಗಿದ್ದ ಕೆಲಸ ಅಂದರು. ನೀನು ಕಡೂರಿನ ಲ್ಯಾಬಿನ ಬಾತ್‌ರೂಮಿನಲ್ಲಿ ಆಗಲ್ಲ, ಮನೆಯಿಂದಲೇ ಡಬ್ಬಿಯಲ್ಲಿ ತರುತ್ತೇನೆ ಅಂದೆ. ನಾನು ಒಪ್ಪಿದೆ. ನಾಚಿಕೆ ಇರಬಹುದು ಅಂದುಕೊಂಡೆ.

ಆ ಬೆಳಿಗ್ಗೆ ನೀನು ನನ್ನನ್ನು ಒಂದು ಚೊಂಬು ಉಗುರುಬೆಚ್ಚನೆ ನೀರು ಕೇಳಿದೆ. ಕೊಟ್ಟೆ. ಮುಖ ತೊಳೆಯಲಿಕ್ಕೆ ಅಂತ ತಿಳಿದೆ.

ರಿಪೋರ್ಟು ಬಂತು. ಎಣಿಕೆ ಚೆನ್ನಾಗಿದೆ, ಚಲನೆ ಚೆನ್ನಾಗಿದೆ. ಗಡಿಬಿಡಿಯ ಲ್ಯಾಬು, ಎಣಿಸಿದರು ಬರೆದರು. ವಿದ್ಯಾಶ್ರೀ ಡಾಕ್ಟರಿಗೆ ತೋರಿಸೋಣ ಅಂದರೆ ನೀನು ಕೊಡಲಿಲ್ಲ, ಸೀದಾ ಅತ್ತೆಯ ಕೈಗಿತ್ತೆ. ಅತ್ತೆ ಕೇರಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿದರು. ನಾನೂ ತಿಂದೆ. ಎರಡು ದಿನ ಬಿಟ್ಟು ನಿನ್ನ ಶರ್ಟು ಒಗೆಯುವಾಗ ಜೇಬಿನಲ್ಲಿ ಕತ್ತರಿಸಿದ ಖಾಲಿ ಸ್ಟ್ರಾಗಳು ಸಿಕ್ಕವು, ಒಂದು ಹಿಡಿ. ಒಂದು ಹಸುವಿಗೆ ಒಂದೇ ಸ್ಟ್ರಾ. ಒಂದು ಹಿಡಿ ಬೇಕಾಗುವುದು ಡಬ್ಬಿ ತುಂಬಿಸಲಿಕ್ಕೆ ಮಾತ್ರ. ಎಲ್ಲದರ ಮೇಲೂ ಒಂದೇ ಹೋರಿಯ ನಂಬರು. ಆ ನಂಬರು ನನಗೂ ಬಾಯಿಪಾಠ. ನಿನ್ನ ಅಚ್ಚುಮೆಚ್ಚಿನ ಜರ್ಸಿ. ಅದು ಸತ್ತು ಎಷ್ಟೋ ಕಾಲವಾಗಿದ್ದರೂ ಕರು ಹುಟ್ಟುತ್ತಲೇ ಇವೆ ಅಂತ ನೀನೇ ಬೆರಗಿನಿಂದ ಹೇಳುತ್ತಿದ್ದೆ.

ಅತ್ತೆ ಹೇಳಿದ್ದು ಸುಳ್ಳಲ್ಲ ಚಂದ್ರು. ರಿಪೋರ್ಟಿನಲ್ಲಿರುವುದು ಹೋರಿಯೇ. ಅದೂ ಸತ್ತ ಹೋರಿ. ನಿನ್ನ ಗಂಡಸುತನಕ್ಕೆ ಅದು ಸಾಕ್ಷಿ ಹೇಳಿದೆ. ಆ ಸಾಕ್ಷಿಯ ಮೇಲೆ ನನ್ನನ್ನು ಬಂಜೆ ಮಾಡಿ, ಕೋಮಲಾಳನ್ನು ನಾನು ಮಲಗಿದ ಅದೇ ಟೇಬಲ್ಲಿನ ಮೇಲೆ ಮಲಗಿಸಲು ಹೊರಟಿದ್ದೀರಿ. ಅವಳಿಗೆ ಇಪ್ಪತ್ತೆರಡು. ಅವಳ ನಾಳಕ್ಕೂ ಔಷಧಿ ನುಗ್ಗಿಸುತ್ತಾರೆ, ಅವಳ ಹೊಟ್ಟೆಗೂ ಚುಚ್ಚುತ್ತಾರೆ. ಅವಳೂ ಒಂದು ದಿನ ಶರ್ಟು ಒಗೆಯುತ್ತಾಳೆ.

ನಮ್ಮ ಮದುವೆಯನ್ನು ನೆನಪಿಸಿಕೋ. ತರೀಕೆರೆಯ ಸಮುದಾಯ ಭವನದಲ್ಲಿ, ಬುದ್ಧನ ಮುಂದೆ, ಬಾಬಾಸಾಹೇಬರ ಫೋಟೋದ ಮುಂದೆ, ಐನೋರಿಲ್ಲದೆ, ಗಳಿಗೆ ನೋಡದೆ, ಸಮಾನತೆಯ ಪ್ರಮಾಣ ಓದಿದೆವು. ನಾನು ತಮಟೆ ಹಿಡಿದು ಹಾಡುತ್ತಿದ್ದವಳು, ನೀನು ಭಾಷಣ ಮಾಡುತ್ತಿದ್ದವನು. ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಅಂತ ಮೈಕಿನಲ್ಲಿ ಕೂಗಿದೆ. ಹುಟ್ಟಿಸಿದವನು ಮಾತ್ರ ದೊಡ್ಡವನು ಅಂತ ಮನೆಯಲ್ಲಿ ಒಪ್ಪಿಕೊಂಡೆ. ಮೇಲುಜಾತಿಯವನು ತನ್ನ ಹುಟ್ಟಿನ ಬಗ್ಗೆ ಕೊಚ್ಚಿಕೊಂಡರೆ ನಮಗೆ ಸಿಟ್ಟು ಬರುತ್ತದೆ. ನೀನು ನಿನ್ನ ವೀರ್ಯದ ಬಗ್ಗೆ ಕೊಚ್ಚಿಕೊಂಡರೆ ಅದು ಚಳವಳಿಯೇ? ವೀರ್ಯಾಣು, ಅಂಡಾಣು ಎರಡೂ ಕಣ್ಣಿಗೆ ಸಿಗದ ಕಣಗಳು. ಅವಕ್ಕೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಕಡಿಮೆ ಇದ್ದರೆ ಕಡಿಮೆ ಇದೆ. ಇಲ್ಲದಿದ್ದರೆ ಇಲ್ಲ. ಅದು ತಪ್ಪಲ್ಲ. ಗೊತ್ತಿದ್ದೂ ಇನ್ನೊಂದು ಹೆಣ್ಣಿನ ಮೈಮೇಲೆ ಅದನ್ನು ಹೊರಿಸುವುದು ತಪ್ಪು.

ನಾನು ಸಹಿ ಹಾಕುವುದಿಲ್ಲ ಅಂತ ತಿಳಿಯಬೇಡ. ನಿನಗೆ ನನ್ನ ಜೊತೆ ಬದುಕುವುದು ಬೇಡವಾಗಿದ್ದರೆ ನೇರವಾಗಿ ಹೇಳು, ಕಡೂರಿನ ಕೋರ್ಟಿಗೆ ನಾನೇ ಬರುತ್ತೇನೆ. ಆದರೆ ‘ಹೇಮಶ್ರೀಗೆ ಮಕ್ಕಳಾಗುವುದಿಲ್ಲ’ ಅನ್ನುವ ಕಾಗದಕ್ಕೆ ಹಾಕುವುದಿಲ್ಲ. ಸ್ಟ್ರಾಗಳ ವಿಷಯ ಊರಿಗೆ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಯಾರೂ ನಿನ್ನ ಮುಂದೆ ಹಸು ಕಟ್ಟುವುದಿಲ್ಲ. ಆ ಅನ್ನ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಇಷ್ಟೇ ಕೇಳುವುದು: ಭಾನುವಾರದ ಒಳಗೆ ವೇಣು ಮಾವನಿಗೆ ನೀನೇ ಫೋನ್ ಮಾಡಿ ಬೇಡ ಅನ್ನು. ಆಮೇಲೆ ತರೀಕೆರೆಗೆ ಹೋಗಿ, ವಿದ್ಯಾಶ್ರೀ ಡಾಕ್ಟರ ಎದುರಿಗೇ, ನಿನ್ನದನ್ನು ಕೊಡು. ಫಲಿತಾಂಶ ನನಗೆ ತಿಳಿಸಬೇಕಾಗಿಲ್ಲ. ನಿನಗೆ ತಿಳಿದರೆ ಸಾಕು.

ಬೆನ್ನುನೋವಿನ ಎಣ್ಣೆ ಅಟ್ಟದ ಮೇಲೆ, ರಾಗಿ ಡಬ್ಬದ ಹಿಂದೆ ಇದೆ. ಅತ್ತೆಗೆ ಕೈ ಎಟುಕುವುದಿಲ್ಲ, ನೀನೇ ತೆಗೆದುಕೋ.

ನಿನ್ನ ಜೊತೆ ಪ್ರಮಾಣ ಓದಿದ,
ಹೇಮಶ್ರೀ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ, ಕೋಮಲಾ ತರುತ್ತಾಳೆ. ಅವಳೇ ಹಟ ಮಾಡಿ ರಜೆ ಹಾಕಿ ಹೊರಟಿದ್ದಾಳೆ. ಕಾಗದ ಕೊಟ್ಟು ವಾಪಸ್ ಹೋಗುವುದಿಲ್ಲ, ನೀನು ಓದಿ ಮುಗಿಸುವವರೆಗೂ ಬೈಕಿನ ಪಕ್ಕ ನಿಂತಿರುತ್ತಾಳೆ. ಏನೂ ಅರಿಯದ ಹುಡುಗಿ ಅಂದುಕೊಂಡು ಇದನ್ನು ಜೇಬಿಗೆ ಸೇರಿಸಬೇಡ, ಅವಳು ಓದಿಯೇ ಮಡಚಿದ್ದಾಳೆ. ಅವಳ ಬ್ಯಾಗಿನಲ್ಲಿ ಒಂದು ಹೊಸ ಡಬ್ಬಿ ಇದೆ. ಮುಚ್ಚಳದ ಮೇಲೆ ‘ಚಂದ್ರಕುಮಾರ್’ ಅಂತ ಬರೆದವಳೂ ಅವಳೇ. ಬರೆದು, ‘ಕೆಳಗೆ ಮನುಷ್ಯ ಅಂತಲೂ ಬರೀಲಾ ಅಕ್ಕಾ?’ ಅಂತ ಕೇಳಿದಳು. ಬೇಡ ಕಣೇ, ಅದನ್ನ ಅವನೇ ಬರೀಲಿ ಅಂದೆ.