ಗೋಡೆಯೊಳಗಿನ ಅವ್ವ

ರಾಣೆಬೆನ್ನೂರು
ಫೆಬ್ರವರಿ ೩೦, ೨೧೪೩

ನನ್ನ ಮುತ್ತಜ್ಜಿಯ ಕಾಲದ ತಾಯಂದಿರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು. ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮೂರನೇ ಇಯತ್ತೆಗೇ ಓದು ಬಿಟ್ಟವಳು ನಾನು. ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ.

ನಮ್ಮ ಮಕ್ಕಳು ಕಲಿಯುವುದು ಆಟಗೋಡೆಯಲ್ಲಿ. ಅಂದರೆ ಮನೆಯ ಒಂದು ಗೋಡೆಯೇ ವಿಡಿಯೋ ಗೇಮ್. ಮಗು ಅದರೊಳಗೆ ಸಂತೆ ಮಾಡುತ್ತ ಲೆಕ್ಕ ಕಲಿಯುತ್ತದೆ, ಬೀಜ ಊರಿ ಬೇರು, ಕಾಂಡ ತಿಳಿಯುತ್ತದೆ. ಸುಳ್ಳೇಕೆ ಹೇಳಲಿ, ಒಳ್ಳೆಯದೇ. ರಜೆಯ ದಿನ ಮಗಳು ಚೆನ್ನಿಯ ಬೆನ್ನ ಹಿಂದೆ ಕುಳಿತೇ ನಾನು ಒತ್ತಕ್ಷರ ಕಲಿತೆ. ಉಳಿದ ದಿನ ಬೀಜದ ಕಾರ್ಖಾನೆಯಿಂದ ನಾನು ಬರುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ತಾಯಿಯ ದನಿಯಲ್ಲಿ ಹೇಳಿಕೊಟ್ಟರೆ ಮಗು ಬೇಗ ಕಲಿಯುತ್ತದಂತೆ. ಅದಕ್ಕೆಂದು ಮಗುವಿಗೆ ಮೂರು ತುಂಬಿದಾಗ ದನಿಯುಡಿ ಎಂಬ ಕಾರ್ಯ ಮಾಡುತ್ತೇವೆ: ತಾಯಿ ಹೊಸ ಸೀರೆಯುಟ್ಟು ಗೋಡೆಯ ಮುಂದೆ ಕುಳಿತು, ಉಡಿ ತುಂಬಿದ ಹಾಗೆ ಅದಕ್ಕೆ ತನ್ನ ಮಾತು ತುಂಬುವುದು. ಚೆನ್ನಿಯ ದನಿಯುಡಿಯ ದಿನ ನಾನು "ಬ್ಯಾಡ, ಮುಟ್ಟಬ್ಯಾಡ" ಎಂದು ಬಾಯಿ ತೆರೆದದ್ದೇ ತಡ, ಅತ್ತೆ ಗದರಿದರು: "ಏ ಹುಚ್ಚಿ, ಶುಭಕಾರ್ಯದಾಗ ಬ್ಯಾಡ ಅಂತಾರೇನ? ಚೊಲೋ ಮಾತು ಹಾಕ!" ಎಲ್ಲ ಮನೆಗಳಲ್ಲೂ ಹೀಗೇ. ಹೀಗಾಗಿ ನಮ್ಮದೇ ದನಿಯಲ್ಲಿ ಮಾತಾಡುವ ಗೋಡೆಯ ಅವ್ವನಿಗೆ ಬೇಡ ಎನ್ನಲು ಬರುವುದೇ ಇಲ್ಲ. ಮಗು ತಪ್ಪಿದರೆ "ಇನ್ನೊಮ್ಮೆ ನೋಡೂಣ, ಬಂಗಾರಾ" ಎನ್ನುತ್ತಾಳೆ, ಅಷ್ಟೇ. ನಾನಾದರೂ ಗದರುತ್ತಿದ್ದೆನೇ? ಸಿಗುವುದೊಂದು ರಜೆ, ಅವತ್ತು ಗದರುವ ಮನಸ್ಸು ಯಾರಿಗೆ ಬರುತ್ತದೆ?

ಮೊನ್ನೆ ಮಾಳಿಗೆ ಹತ್ತುತ್ತಿದ್ದೆ. ಮಳೆನೀರಿನ ತೊಟ್ಟಿಯ ಅಂಚಿನ ಮೇಲೆ ಚೆನ್ನಿ ನಿಂತಿದ್ದಳು. "ಬ್ಯಾಡವ್ವಾ! ಹಿಂದಕ್ಕ ಸರಿ!" ಎಂದು ಚೀರಿದೆ. ತಿರುಗಿ ನೋಡಿದಳು. ನಕ್ಕಳು. "ಸುಳ್ಳ! ನೀ ನಮ್ಮವ್ವ ಅಲ್ಲ. ನಮ್ಮವ್ವ ಹಂಗ ಅನ್ನಂಗಿಲ್ಲ" ಎಂದವಳೇ ನೀರಿಗೆ ಕಾಲಿಟ್ಟುಬಿಟ್ಟಳು.

ಪಕ್ಕದ ಮಾಳಿಗೆಯಿಂದ ದಾವಲಸಾಬ ಕಾಕಾ ಜಿಗಿದು ಬಂದು ಎತ್ತದಿದ್ದರೆ ಏನಾಗುತ್ತಿತ್ತೋ, ಬರೆಯಲಾರೆ. ನೀರು ಕಾರಿ ಕಣ್ಣು ಬಿಟ್ಟ ಮಗು ಕೇಳಿದ್ದೇನು ಗೊತ್ತೇ? "ಇನ್ನೊಮ್ಮೆ ನೋಡೂಣೇನ?"

ಗೋಡೆಯನ್ನೇ ಬಂದ್ ಮಾಡಿಬಿಡಲೇ? ಮಾಡಿದರೆ ಅವಳ ಓದೂ ನನ್ನದರಂತೆ ಅರ್ಧಕ್ಕೇ ನಿಲ್ಲುತ್ತದಲ್ಲ! ಇರಲಿ ಎಂದರೆ, ಈಗ ನಾನು ಕರೆದಾಗ ಚೆನ್ನಿ ಮೊದಲು ಗೋಡೆಯ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕಡೆ.

ನಿಮ್ಮ ಕಾಲದಲ್ಲಿ ಆಟ ಇನ್ನೂ ಅಂಗೈಯಷ್ಟೇ ಇದೆಯಂತೆ. ಮಕ್ಕಳ ಕೈಯಿಂದ ಕಸಿಯಬೇಡಿ, ಕಲಿಯಲಿ. ಆದರೆ ಕೈಮುಗಿದು ಕೇಳುತ್ತೇನೆ: ಇವತ್ತೇ, ಮಗು ಆಡುತ್ತಿರುವಾಗ, ಹಿಂದಿನಿಂದ ಒಮ್ಮೆ ಹೆಸರು ಹಿಡಿದು ಕರೆಯಿರಿ. ಯಾವ ಕಡೆ ತಿರುಗುತ್ತದೆ, ನೋಡಿ.